ಧರ್ಮ ರೈಟರ ದಂಡು

ಬೆಳಿಗ್ಗೆ ಏಳೂಮುಕ್ಕಾಲಿಗೆ ಸ್ಟೋರಿನ ಜಗಲಿಯ ಮೇಲೆ ನಿಂತು ಧರ್ಮ ಹಾಜರಿ ಕೂಗುವುದನ್ನು ಒಮ್ಮೆ ಕೇಳಬೇಕು. ಪುಸ್ತಕ ಕಂಕುಳಲ್ಲೇ ಇರುತ್ತದೆ, ಬಿಚ್ಚುವುದಿಲ್ಲ. ನಲವತ್ತಾರು ಹೆಸರುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಮಂಜಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಓಗೊಡುತ್ತಾರೆ. ಕೆ. ಹೊಸಕೋಟೆಯಿಂದ ಬಿಸಿಲೆ ದಿಕ್ಕಿಗೆ ಹೋಗುವ ರಸ್ತೆಯ ಎಡಕ್ಕಿರುವ ಈ ಕಾಫಿ ಎಸ್ಟೇಟಿಗೆ ಅವನು ರೈಟರಾಗಿ ಹದಿನಾಲ್ಕು ವರ್ಷವಾಯಿತು. ಹುಟ್ಟಿದ್ದು ಇಲ್ಲಿನ ಕೂಲಿಯವರ ಲೈನ್ ಮನೆಯಲ್ಲೇ. ಆಲೂರಿನಲ್ಲಿ ಪಿಯುಸಿ ಮುಗಿಸಿ ಬಂದವನನ್ನು ಯಜಮಾನರು ಸ್ಟೋರಿನ ಕೀಲಿ ಕೊಟ್ಟು ಇಲ್ಲೇ ಉಳಿಸಿಕೊಂಡರು.

ರೈಟರ ಕೆಲಸವೆಂದರೆ ಬರೆಯುವುದು ಎಂದು ಹೊರಗಿನವರು ತಿಳಿಯುತ್ತಾರೆ. ಬರೆಯುವುದು ಅದರಲ್ಲಿ ಕಡಿಮೆ. ಯಾರನ್ನು ಯಾರ ಪಕ್ಕದ ಸಾಲಿಗೆ ಹಾಕಬೇಕು ಎಂಬುದೇ ಕೆಲಸ. ಮಾತು ಬಿಟ್ಟ ವಾರಗಿತ್ತಿಯರಿಬ್ಬರ ನಡುವೆ ನಾಲ್ಕು ಸಾಲಾದರೂ ಇರಬೇಕು. ಮುದುಕ ಬಸವಯ್ಯನ ಮಂಡಿ ಇಳಿಜಾರಿಗೆ ಒಗ್ಗುವುದಿಲ್ಲ, ಅವನಿಗೆ ಕಣದಲ್ಲಿ ಹಣ್ಣು ಹರಡುವ ಕೆಲಸ. ಗಿಡ್ಡಯ್ಯ ಎಂಥ ಮರವನ್ನಾದರೂ ಹತ್ತುತ್ತಾನೆ, ಆದರೆ ದಾರಿಯಲ್ಲಿ ಒಂದು ಕರು ಅಡ್ಡ ನಿಂತರೆ ಸುತ್ತು ಬಳಸಿ ಬರುತ್ತಾನೆ. ಇನ್ನು ಹುಲಿಯಮ್ಮ. ಅರವತ್ತು ದಾಟಿದ ಹೆಂಗಸು. ಕುಯ್ಲಿನ ದಿನ ಮೊದಲ ಸಾಲು ಹಿಡಿಯುವವಳು ಅವಳೇ. ಅವಳು ಇಳಿದ ಮೇಲೆ ಮಿಕ್ಕ ಹೆಂಗಸರು ಇಳಿಯುವುದು, ಅವಳ ಕೈಯ ಓಟವೇ ಎಲ್ಲರ ಕೈಯ ಓಟ.

ಆ ತೋಟದಲ್ಲಿ ಒಂದು ರೂಢಿ ಇತ್ತು. ಹೆಸರು ಕೂಗಿಸಿಕೊಳ್ಳದೆ ಯಾರೂ ಗಿಡದ ನಡುವೆ ಕಾಲಿಡುವುದಿಲ್ಲ. ಊರಿಗೆ ಹೋದವರ ಹೆಸರನ್ನೂ, ಜ್ವರ ಬಂದು ಮಲಗಿದವರ ಹೆಸರನ್ನೂ ಕೂಗಲೇಬೇಕು. ‘ಇಲ್ಲ’ ಎಂದು ಪಕ್ಕದವರಿಂದ ಹೇಳಿಸಿಕೊಂಡೇ ಮುಂದಕ್ಕೆ ಹೋಗಬೇಕು. ಕೂಗದೆ ಬಿಡುವುದು ತೀರಿಕೊಂಡವರ ಹೆಸರನ್ನು ಮಾತ್ರ.

ಎರಡು ವರ್ಷದ ಹಿಂದೆ ಧರ್ಮ ಕಣದ ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಂಡ. ಆರು ವಾರ ಮಂಚ ಬಿಟ್ಟು ಏಳುವಂತಿರಲಿಲ್ಲ. ನೋಡಲು ಬಂದ ಭಾವಮೈದ ಅಭಿಷೇಕ್ ಫೋನಿಗೆ ಒಂದು ಆಟ ಹಾಕಿಕೊಟ್ಟು ಹೋದ. ನೆಲವೆಲ್ಲ ಚೌಕಾಬಾರದ ಹಾಗೆ ಮನೆ ಮನೆ. ಒಂದು ಕಡೆ ನಮ್ಮ ದಂಡು, ಹನ್ನೆರಡು ಜನ, ಎದುರಿಗೆ ವೈರಿ. ನಾವು ಒಂದು ಸಲ ನಡೆಸಿದರೆ ಅವರು ಒಂದು ಸಲ. ದಂಡಿನವರಲ್ಲಿ ಒಬ್ಬ ಬಿಲ್ಲಿನವನು, ಒಬ್ಬ ಗುರಾಣಿಯವನು, ಒಬ್ಬ ಕುದುರೆಯವನು, ಗಾಯಕ್ಕೆ ಮದ್ದು ಹಾಕುವವಳು ಒಬ್ಬಳು. ಕಾಳಗ ಕಳೆದಂತೆ ಅವರ ಕೈ ಪಳಗುತ್ತದೆ, ನಡುನಡುವೆ ಬಿಡಾರದಲ್ಲಿ ಕೂತು ತಮ್ಮ ಕಷ್ಟಸುಖ ಮಾತಾಡಿಕೊಳ್ಳುತ್ತಾರೆ. ಸತ್ತವರು ಮಾತ್ರ ಮತ್ತೆ ಬರುವುದಿಲ್ಲ. ಅಭಿಷೇಕ್ ಶುರುವಿನಲ್ಲೇ ಕಷ್ಟದ ಬಗೆಯನ್ನು ಒತ್ತಿಬಿಟ್ಟಿದ್ದರಿಂದ, ನಡೆಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯೂ ಇರಲಿಲ್ಲ.

ಧರ್ಮನಿಗೆ ಮೊದಲ ದಿನವೇ ಆಟ ಹತ್ತಿತು. ಹತ್ತದೆ ಏನು, ಅದು ಅವನ ಕಸುಬೇ ಆಗಿತ್ತು. ಒಂದೇ ತೊಡಕೆಂದರೆ ದಂಡಿನವರ ಹೆಸರುಗಳು, ಅವು ನಾಲಿಗೆಗೆ ಹೊರಳುತ್ತಿರಲಿಲ್ಲ. ಹೆಸರು ಬದಲಿಸಬಹುದೆಂದು ತಿಳಿದ ದಿನ ಕುಳಿತು ಹಾಜರಿಯ ಹೆಸರುಗಳನ್ನೇ ಒಂದೊಂದಾಗಿ ಇಟ್ಟ. ಬಿಲ್ಲು ಹುಲಿಯಮ್ಮನಿಗೆ ಹೋಯಿತು, ಅವಳ ಗುರಿ ಎಂದೂ ತಪ್ಪುತ್ತಿರಲಿಲ್ಲ. ಗುರಾಣಿ ಹಿಡಿದು ನಿಧಾನ ನಡೆಯುವವನು ಬಸವಯ್ಯ. ಗಿಡ್ಡಯ್ಯನನ್ನು ಬೇಕೆಂದೇ ಕುದುರೆ ಮೇಲೆ ಕೂರಿಸಿದ.

ಹೆಂಡತಿ ಸುಚಿತ್ರಾ ಅಂಗನವಾಡಿಯಲ್ಲಿ ಸಹಾಯಕಿ. ಒಂದು ದಿನ ಅವಳು ಅವನ ಭುಜದ ಮೇಲಿಂದ ಬಗ್ಗಿ ನೋಡಿ ತಾನೆಲ್ಲಿದ್ದೇನೆ ಎಂದು ಕೇಳಿದಳು. ಹಾಜರಿಯ ಹೊರಗಿನ ಒಂದೇ ಹೆಸರು ಅವಳದು, ಮದ್ದು ಹಾಕುವವಳನ್ನು ಅವನು ತೋರಿಸಿದ.

“ಅಲ್ಲೂ ನಿಮ್ಮ ಕಾಲು ಉಜ್ಜೋ ಕೆಲ್ಸವೇ ಕೊಟ್ರಾ ನಂಗೆ” ಎಂದು ಗೊಣಗಿ ಒಳಗೆ ಹೋದಳು. ಆದರೆ ಸಂಜೆ ಚಹಾ ಕೊಡುವಾಗ, ಆ ಹೆಂಗಸಿನ ನೀಲಿ ನಿಲುವಂಗಿ ಚೆನ್ನಾಗಿದೆ ಎಂದಳು.

ಕಾಲು ನೆಟ್ಟಗಾಯಿತು, ಆಟ ಬಿಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಕಣದ ಮೂಲೆಯ ಸಿಮೆಂಟು ಕಟ್ಟೆಯ ಮೇಲೆ, ದಿನಕ್ಕೆ ಅರ್ಧ ಗಂಟೆ ಆಡುತ್ತಿದ್ದ. ಹೀಗೆ ಎರಡು ವರ್ಷದಲ್ಲಿ ಹನ್ನೆರಡು ಜನರನ್ನೂ ನದಿ ದಾಟಿಸಿ, ಹಿಮದ ಬೆಟ್ಟ ಹತ್ತಿಸಿ, ಒಬ್ಬರನ್ನೂ ಕಳೆದುಕೊಳ್ಳದೆ ಕೊನೆಯ ಕೋಟೆಯ ಹತ್ತಿರಕ್ಕೆ ತಂದಿದ್ದ. ಉಳಿದದ್ದು ಎರಡೇ ಕಾಳಗ, ಒಂದು ಸೇತುವೆಯ ಮೇಲೆ, ಇನ್ನೊಂದು ಕೋಟೆಯೊಳಗೆ. ಕೋಟೆಯೊಳಗೆ ಕೂತವನು ಯಾರೆಂದು ಆಟ ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂಬುದು ಅವನ ದೊಡ್ಡ ಆಸೆಯಾಗಿತ್ತು.

ಜನವರಿಯ ಒಂದು ಬುಧವಾರ ಸೇತುವೆಯ ಕಾಳಗ. ರೋಬಸ್ಟಾ ಕಾಫಿಯ ಕುಯ್ಲು ಭರದಲ್ಲಿತ್ತು, ಧರ್ಮನಿಗೆ ಎಂದಿನ ಅರ್ಧ ಗಂಟೆಯೂ ಸಿಗಲಿಲ್ಲ. ಅವಸರದಲ್ಲಿ ಹುಲಿಯಮ್ಮನನ್ನು ಒಂದು ಮನೆ ಹೆಚ್ಚಿಗೆ ಮುಂದಕ್ಕೆ ನಡೆಸಿದ. ವೈರಿಯ ಮೂರು ಕುದುರೆಗಳು ಒಟ್ಟಿಗೆ ಬಂದವು. ಅವಳು ಬಿದ್ದಳು. ಬೀಳುವ ಮುಂಚೆ ಒಂದು ಮಾತು ಹೇಳಿದಳು. ಪರದೆಯ ಮೇಲಿನ ಪಟ್ಟಿಯಲ್ಲಿ ಹುಲಿಯಮ್ಮ ಎಂಬ ಹೆಸರು ಬೂದಿ ಬಣ್ಣಕ್ಕೆ ತಿರುಗಿತು. ಸೇತುವೆಯನ್ನೇನೋ ಗೆದ್ದ. ಬುತ್ತಿಯ ರೊಟ್ಟಿಯನ್ನು ಹಾಗೆಯೇ ಮುಚ್ಚಿಟ್ಟು ಎದ್ದ.

ಮರುದಿನ ಬೆಳಿಗ್ಗೆ ಎಂದಿನಂತೆ ಹಾಜರಿ ಕೂಗಿದ. ಹೆಸರುಗಳು ಸರಾಗವಾಗಿ ಬಂದವು. ಮುಗಿಸಿ, ಇವತ್ತು ಕುಯ್ಲು ಹಳ್ಳದ ಬ್ಲಾಕಿನಲ್ಲಿ ಎಂದ. ಯಾರೂ ಕದಲಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸವಯ್ಯ ಗಂಟಲು ಸರಿಮಾಡಿಕೊಂಡ.

“ರೈಟ್ರೇ, ಒಂದು ಹೆಸ್ರು ಬುಟ್ಟೋಯ್ತು.”

ಯಾವುದೆಂದು ಅವನು ಹೇಳಬೇಕಾಗಿರಲಿಲ್ಲ. ಧರ್ಮನ ಕಿವಿ ಬಿಸಿಯಾಯಿತು. ಹುಲಿಯಮ್ಮ ಎಂದು ಕೂಗಿದ. ಆಗಲೇ ಅವಳು ಸೊಂಟಕ್ಕೆ ಕಟ್ಟಿದ್ದ ಚೀಲ ಬಿಚ್ಚಿ, ನಾಲ್ಕು ಮಡಿಕೆ ಮಡಿಚಿ, ಅದನ್ನು ಜಗಲಿಯ ಅಂಚಿಗೆ ಇಟ್ಟಾಗಿತ್ತು. ಕೂಗಿದ್ದು ತನ್ನನ್ನಲ್ಲವೆಂಬಂತೆ ಲೈನಿನ ಕಡೆ ಹೊರಟುಹೋದಳು.

ಮೊದಲ ಸಾಲು ಖಾಲಿ ಉಳಿಯಿತು. ನೀನು ಹಿಡಿ ಎಂದರೆ ಇವಳು ಅವಳನ್ನು ತೋರಿಸುತ್ತಾಳೆ, ಅವಳು ಇನ್ನೊಬ್ಬಳನ್ನು. ಕೊನೆಗೆ ಹೆಂಗಸರೆಲ್ಲ ಹಲಸಿನ ಮರದಡಿ ಎಲೆಯಡಿಕೆ ಬಿಚ್ಚಿ ಕೂತರು. ಯಜಮಾನ ರವಿಚಂದ್ರ ಅವರು ಹಾಸನದಿಂದ ಫೋನು ಮಾಡಿ, ಬಿಸಿಲೆ ಕಡೆ ಮೋಡ ಕಟ್ಟುತ್ತಿದೆಯಂತೆ, ಹಳ್ಳದ ಬ್ಲಾಕು ಬೇಗ ಆಗಲಿ ಎಂದರು. ಆಗಲಿ ಸಾರ್ ಎಂದ ಧರ್ಮ. ಮಳೆ ಬಿದ್ದರೆ ಹಣ್ಣು ಒಡೆದು ನೆಲಕ್ಕೆ ಸುರಿಯುತ್ತದೆ. ಅದಾದರೂ ಒಂದು ವರ್ಷದ ಮಾತು. ಆದರೆ ಅವನ ತಾಯಿ ಹಣ್ಣು ಕುಯ್ಯುವಾಗ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಪಕ್ಕದ ಸಾಲಿನಲ್ಲಿ ಕುಯ್ದವಳು ಈ ಹುಲಿಯಮ್ಮ. ಬದುಕಿರುವಾಗಲೇ ಅವಳನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದಂತಾಯಿತಲ್ಲ, ಅವಳು ಇನ್ನು ತನ್ನ ಕೂಗಿಗೆ ಓಗೊಡದಿದ್ದರೆ ಎಂಬುದು ಅವನ ಎದೆಯಲ್ಲಿ ಕೂತುಬಿಟ್ಟಿತು.

ಅಂಗನವಾಡಿಗೆ ಹೊರಟಿದ್ದ ಸುಚಿತ್ರಾಳನ್ನು ದಾರಿಯಲ್ಲೇ ತಡೆದು ಎಲ್ಲ ಹೇಳಿಕೊಂಡ. ಮೈ ಸರಿಯಿರಲಿಲ್ಲ, ತಲೆ ಸುತ್ತಿತು ಎಂದುಬಿಡಲೇ ಎಂದು ಕೇಳಿದ.

“ನಿಮ್ಗೆ ಸುಳ್ಳು ಹೇಳಕ್ಕೆ ಬರಲ್ಲ ಕಣ್ರೀ” ಎಂದಳು ಅವಳು. “ಫೋನು ತಗೊಂಡು ಹೋಗಿ, ಇದ್ದದ್ದು ಇದ್ದಂಗೆ ಹೇಳ್ಬುಡಿ.”

ಹುಲಿಯಮ್ಮ ಮನೆ ಮುಂದೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಧರ್ಮ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಕೈ ಸುಮ್ಮನಿರದೆ ತಾನೂ ಕಾಯಿ ಸುಲಿಯತೊಡಗಿದ. ಸುಲಿಯುತ್ತಲೇ ಹೇಳಿದ: ಆಟ, ದಂಡು, ಹೆಸರುಗಳು, ಸೇತುವೆ. ಫೋನು ತೆಗೆದು ಬೂದಿ ಬಣ್ಣದ ಹೆಸರನ್ನೂ ತೋರಿಸಿದ. ಅವಳು ಅದನ್ನು ತೋಳುದ್ದ ದೂರ ಹಿಡಿದು ಬಹಳ ಹೊತ್ತು ನೋಡಿದಳು.

“ನನ್ನ ಕೈಗೇನು ಕೊಟ್ಟಿದ್ದೆ?”

“ಬಿಲ್ಲು, ಅಕ್ಕ.”

“ಬಿಲ್ಲಿನೋರ್ನ ಯಾರಾದ್ರೂ ಮುಂದಕ್ಕೆ ನಿಲ್ಲುಸ್ತಾರೇನೋ? ಬಸವಯ್ಯ ಎಲ್ಲಿದ್ದ?”

ಬಸವಯ್ಯ ಹಿಂದೆ ಉಳಿದಿದ್ದ, ಅವನ ನಡಿಗೆ ನಿಧಾನ ಎಂದು ಧರ್ಮ ಒಪ್ಪಿಕೊಂಡ.

“ಮತ್ತೆ, ಅವ್ನು ಬರೋಗಂಟ ನನ್ನನ್ನ ಹಿಂದೆ ಇಟ್ಕೋಬೇಕು ತಾನೆ. ಹದಿನಾಲ್ಕು ವರ್ಷದಿಂದ ಜನಾನ ಸಾಲಿಗೆ ಹಾಕ್ತಿದೀಯ, ಇಷ್ಟೂ ತಿಳೀದಾ.” ಅವಳು ಒಂದು ಹುಳುಕು ಕಾಯನ್ನು ಆಚೆ ಎಸೆದಳು. “ಗಿಡ್ಡಯ್ಯ?”

“ಅವ್ನು ಉಳ್ಕಂಡವ್ನೆ. ಕುದುರೆ ಮೇಲೆ.”

ಹುಲಿಯಮ್ಮನ ಕೈ ನಿಂತಿತು. ಸತ್ತದ್ದಕ್ಕೆ ಆಗದಿದ್ದ ಸಿಟ್ಟು ಈಗ ಬಂದಂತೆ ಕಂಡಿತು.

“ಕರು ಕಂಡ್ರೆ ಓಡೋನು ಕುದುರೆ ಮೇಲೆ ಕೂತು ಬದುಕವ್ನೆ, ನಾನು ಸತ್ತೆ. ಚೆನ್ನಾಗೈತೆ ಮಾರಾಯ ನಿನ್ನ ನ್ಯಾಯ.” ಇನ್ನೊಂದು ಕಾಯಿ ಕೈಗೆತ್ತಿಕೊಂಡು ಕೇಳಿದಳು. “ಸಾಯೋವಾಗ ಏನಾದ್ರೂ ಅಂದ್ನಾ ನಾನು?”

“‘ನನ್ನ ಕಾಯಬೇಡಿ, ನೀವು ಮುಂದಕ್ಕೆ ಹೋಗಿ’ ಅಂದ್ರಿ.”

“ಸುಳ್ಳು. ನಾನಾಗಿದ್ರೆ ನಿನ್ನ ಬೈದೇ ಸಾಯ್ತಿದ್ದೆ.”

ಧರ್ಮನಿಗೆ ನಗು ಬಂತು, ನಗಲು ಧೈರ್ಯ ಬರಲಿಲ್ಲ. ಅವಳು ಮಾತ್ರ ಮುಖ ಆಚೆ ತಿರುಗಿಸಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಈಗಲಾದರೂ ಬನ್ನಿ ಎಂದ. ಇವತ್ತು ಬರುವುದಿಲ್ಲ, ಕೂಗದ ದಿನ ಇಳಿಯುವುದುಂಟೇ ಎಂದಳು. ನಾಳೆ?

“ನಾಳೆ ಕೂಗು. ನೋಡಣ” ಎಂದು ಸುಲಿದ ಕಾಳಿನ ಮೊರ ಎತ್ತಿಕೊಂಡು ಒಳಗೆ ನಡೆದಳು.

ಮಧ್ಯಾಹ್ನ ಧರ್ಮ ಕಟ್ಟೆಯ ಮೇಲೆ ಕೂತು ಫೋನು ತೆಗೆದ. ಉಳಿದದ್ದು ಒಂದೇ ಕಾಳಗ. ಇವತ್ತು ಮುಗಿಸಿಬಿಟ್ಟರೆ ಈ ಗೀಳಿನಿಂದ ಬಿಡುಗಡೆ, ಆಮೇಲೆ ತಲೆ ಹಗುರಾಗುತ್ತದೆ ಎಂದುಕೊಂಡ. ಕೋಟೆಯ ಬಾಗಿಲು ಕಂಡಿತು. ಒಳಗೆ ಎಂಟೇ ಜನಕ್ಕೆ ದಾರಿ, ಆರಿಸಿಕೊಳ್ಳಿ ಎಂದು ಆಟ ಕೇಳಿತು. ಹನ್ನೊಂದು ಹೆಸರುಗಳು ಕೆಳಗೆ ಸಾಲಾಗಿ ನಿಂತವು. ಅವನು ರೂಢಿಯ ಪ್ರಕಾರ ಮೆಲ್ಲಗೆ ಬಾಯಲ್ಲೇ ಕೂಗುತ್ತ ಹೋದ. ಬಸವಯ್ಯ. ಗಿಡ್ಡಯ್ಯ. ವಸಂತ. ಸುಚಿತ್ರಾ.

ಅಲ್ಲಿಗೆ ನಿಲ್ಲಿಸಿದ. ಒಳಗೆ ಹೋದರೆ ಗೆಲ್ಲುತ್ತಾನೆ, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಯಾರಾದರೂ ಒಬ್ಬಿಬ್ಬರು ಬೀಳದೆ ಆ ಕೋಟೆ ಗೆಲ್ಲುವಂಥದ್ದಲ್ಲ ಎಂದು ಅಭಿಷೇಕ್ ಮೊದಲೇ ಹೇಳಿದ್ದ. ಇವತ್ತು ಇಲ್ಲಿ ಬಸವಯ್ಯ ಬಿದ್ದರೆ ನಾಳೆ ಜಗಲಿಯ ಮೇಲೆ ನಾಲಿಗೆ ಏನು ಮಾಡುತ್ತದೋ. ಅದು ಯಾರ ಹೆಸರು ನುಂಗುತ್ತದೆಂದು ಅವನಿಗೇ ನಂಬಿಕೆ ಇರಲಿಲ್ಲ. ಎದುರಿಗೆ ಕಣದಲ್ಲಿ ನಿಜವಾದ ಬಸವಯ್ಯ ಹಣ್ಣು ಒಣಗಲೆಂದು ಬರಿಗಾಲಲ್ಲಿ ಅದರ ನಡುವೆ ಗೀರು ಎಳೆಯುತ್ತ ನಡೆಯುತ್ತಿದ್ದ. ಕೆಂಪು ಹಣ್ಣಿನ ಮೇಲೆ ಮೋಡದ ನೆರಳು ಒಮ್ಮೆ ಬಂದು, ಸರಿದುಹೋಯಿತು.

ಧರ್ಮ ಯಾರನ್ನೂ ಆರಿಸಲಿಲ್ಲ. ಆಟ ಮುಚ್ಚಿ, ಅದರ ಗುರುತನ್ನು ಫೋನಿನ ಮುಖಪುಟದಿಂದ ಎತ್ತಿ, ಎಂದೂ ತೆರೆಯದ ಇನ್ನೊಂದು ಪುಟಕ್ಕೆ ತಳ್ಳಿದ. ಅಳಿಸಲು ಮನಸ್ಸಾಗಲಿಲ್ಲ. ಎರಡು ವರ್ಷ ಜೊತೆಯಲ್ಲಿ ನಡೆದವರು. ಕೋಟೆಯೊಳಗಿನವನು ಯಾರಾಗಿದ್ದರೂ ಕೂತಿರಲಿ ಎಂದುಕೊಂಡ. ಆಮೇಲೆ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದ.

ಶುಕ್ರವಾರ ಬೆಳಿಗ್ಗೆ ಮೋಡ ಇನ್ನೂ ಇತ್ತು, ಮಳೆ ಬಂದಿರಲಿಲ್ಲ. ಜಗಲಿಯ ಮುಂದೆ ಎಲ್ಲರೂ ಎಂದಿಗಿಂತ ಬೇಗ ಬಂದು ನಿಂತಿದ್ದರು, ಕೆಲಸಕ್ಕಿಂತ ಹೆಚ್ಚಾಗಿ ತಮಾಷೆ ನೋಡಲು. ಆಟದ ಸುದ್ದಿ ಲೈನಿನ ತುಂಬ ಹರಡಿತ್ತು. ಗಿಡ್ಡಯ್ಯನಂತೂ ಆಗಲೇ ಒಂದು ಕೈ ಸೊಂಟದ ಮೇಲೆ ಇಟ್ಟು, ಕುದುರೆಯವನ ಗತ್ತಿನಲ್ಲಿ ನಿಂತಿದ್ದ. ಹಿಂದಿನ ಸಾಲಿನಲ್ಲಿ, ವಸಂತಳ ಪಕ್ಕ, ಹುಲಿಯಮ್ಮ ಇದ್ದಳು.

ಧರ್ಮ ಮೊದಲು ಅವಳ ಹೆಸರನ್ನೇ ಕೂಗಿದ. ಅವಳು ಹಲಸಿನ ಮರದ ತುದಿ ನೋಡುತ್ತಿದ್ದಳು. ಮತ್ತೊಮ್ಮೆ, ದನಿ ಏರಿಸಿ ಕೂಗಿದ. ಯಾರೋ ಹೆಂಗಸು ಕಿಸಕ್ಕೆಂದಳು. ಮೂರನೆಯ ಸಲಕ್ಕೆ ಅವನು ಜಗಲಿಯಿಂದ ಕೆಳಗಿಳಿದು, ನಾಲ್ಕು ಹೆಜ್ಜೆ ಮುಂದೆ ಬಂದು, “ಹುಲಿಯಮ್ಮಕ್ಕಾ” ಎಂದ. ಹಾಜರಿಯಲ್ಲಿ ಅಕ್ಕ ಎಂದು ಅವನು ಎಂದೂ ಕೂಗಿದವನಲ್ಲ.

“ಇವ್ನಿ ಕಣಪ್ಪ. ಕಿವುಡಿ ಅಲ್ಲ ನಾನು” ಎಂದಳು ಅವಳು.

ಮಿಕ್ಕ ನಲವತ್ತೈದು ಹೆಸರೂ ಬಂದವು. ಹೆಂಗಸರು ಹಳ್ಳದ ದಾರಿ ಹಿಡಿದರು. ಹುಲಿಯಮ್ಮ ಮುಂದೆ, ಖಾಲಿ ಗೋಣಿಚೀಲಗಳನ್ನು ಹೆಗಲಿಗೆ ಹಾಕಿಕೊಂಡ ಧರ್ಮ ಅವಳ ಹಿಂದೆ. ಬ್ಲಾಕಿನ ಬೇಲಿಯ ಬಳಿ ಅವಳು ನಿಂತು, ತಿರುಗದೆ ಕೇಳಿದಳು.

“ಮುಗಿಸ್ದೇನೋ ಅದುನ್ನ?”

“ಇಲ್ಲ ಅಕ್ಕ. ಬುಟ್ಬುಟ್ಟೆ.”

“ಅವ್ರು?”

“ಕೋಟೆ ಹೊರಗೆ ಕೂತವ್ರೆ. ಹನ್ನೊಂದು ಜನ.”

ಅವಳು ಆ ಮಾತನ್ನು ಮನಸ್ಸಿನಲ್ಲಿ ತೂಗಿ ನೋಡಿದಂತಿತ್ತು.

“ಕೂತಿರ್ಲಿ ಬುಡು. ಎರಡು ವರ್ಷ ಓಡಾಡ್ಸಿದೀಯ, ಅವ್ರಿಗೂ ಸುಸ್ತಾಗಿರ್ತದೆ” ಎಂದು, ಹಣ್ಣಿನ ಭಾರಕ್ಕೆ ಬಾಗಿದ ಮೊದಲ ಗಿಡದ ರೆಂಬೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಕೈ ಓಡಿತು. ಆಮೇಲೆ ಎಲ್ಲರ ಕೈಯೂ.