ಕಾಲಿಗೆ ಕಟ್ಟಿದ ಸೀಸ

ಮೊದಲು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ, ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯರೊಬ್ಬರು, ಕುಮಾರಪಟ್ಟಣದ ಹತ್ತಿರ ತುಂಗಭದ್ರೆಯಲ್ಲಿ ಮುಳುಗಿ, ಊರಿಗೆ ನೀರೊಯ್ಯುವ ಪೈಪಿನ ಜಾಲರಿಯ ಕಸ ತೆಗೆಯುತ್ತಿದ್ದರು. ಏನು ಹೇಳಿದರೂ ಮೂಗು ಉಜ್ಜಿ, “ಹೊತ್ತಾವಗ ಗೊತ್ತ್ರಿ ಭಾರ” ಎನ್ನುತ್ತಿದ್ದರು.

ಒಂದು ಬೇಸಿಗೆ ಅವರಿಗೆ ನೀರು ಒಳಸೇರದ ರಬ್ಬರಿನ ಉಡುಪು ಬಂತು. ಒಳಗಿನ ಗಾಳಿ ತೇಲಿಸುವುದರಿಂದ, ಮುಳುಗಲು ಮೈಗೆ ಸೀಸದ ತುಂಡು ಕಟ್ಟಬೇಕು. ಅದು ಬಂದ ದಿನವೇ ಜಾಲರಿಗೆ ಕಸ ಕಟ್ಟಿತ್ತು. ಸಂಜೆಯೊಳಗೆ ತೆರವಾಗದಿದ್ದರೆ ಊರಿಗೆ ನೀರಿಲ್ಲ. ಮೇಲ್ವಿಚಾರಣೆ ನನ್ನದು, ನಮ್ಮ ಮನೆತನದ ಮೊದಲ ಬಿ.ಎಸ್ಸಿ.ಯದು.

“ಎಲ್ಲಾ ನಡಕ್ಕ ಕಟ್ಕೋರಿ” ಎಂದೆ.

“ಕಾಲಿಗೂ ಒಂದೀಟು ಬೇಕ್ರಿ, ಸಾಹೇಬ್ರ.”

“ನಾ ಲೆಕ್ಕಾ ಹಾಕೇನ್ರಿ, ಕಾಕಾ.”

“ಹೊತ್ತಾವಗ ಗೊತ್ತ್ರಿ ಭಾರ” ಎಂದು ಮೂಗು ಉಜ್ಜಿ ಇಳಿದರು. ಉಡುಪಿನೊಳಗಿನ ಗಾಳಿಯೆಲ್ಲ ಕಾಲಿಗೆ ಹೋಯಿತು. ತಲೆ ಕೆಳಗಾಗಿ, ಎರಡು ಪಾದ ಮಾತ್ರ ನೀರ ಮೇಲೆ ನನಗೆ ಟಾಟಾ ಮಾಡತೊಡಗಿದವು. ಹಗ್ಗ ಹಿಡಿದು ದಡಕ್ಕೆ ಎಳೆದೆವು.

ಕಾಕಾ ಕೆಮ್ಮುತ್ತ ನಕ್ಕರು. “ಸಾಹೇಬ್ರ, ನಿಮ್ಮ ಭಾರ ಎಲ್ಲಾ ತಲಿಯಾಗ ಐತಿ. ಒಂದೀಟು ನನ್ನ ಕಾಲಿಗೆ ಕೊಡ್ರಿ.”

ಮನೆತನದ ಮೊದಲ ಬಿ.ಎಸ್ಸಿ. ಪ್ಯಾಂಟು ಮಡಚಿ, ಕೆಸರಲ್ಲಿ ಕುಳಿತು, ಅವರ ಎರಡೂ ಕಾಲಿಗೆ ಸೀಸ ಕಟ್ಟಿದ. ಈ ಸಲ ಮೊದಲು ಮುಳುಗಿದ್ದು ಪಾದ. ಸಂಜೆ ಊರಿನ ನಳದಲ್ಲಿ ನೀರು ಬಂತು.