ಚಕ್ರಪಾಣಿಯವರ ಜಾರ್ಜಿಯಾ

ಅಮೆರಿಕದ ಕರ್ಕ್‌ಲ್ಯಾಂಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುವ ಚಕ್ರಪಾಣಿಯವರಿಗೆ ಆ ಹುಚ್ಚು ಹಿಡಿದದ್ದು ಬಸ್ಸಿನಲ್ಲಿ. ಇಯರ್‌ಫೋನ್ ಸಿಕ್ಕಿಸಿಕೊಂಡು ದೇವರನಾಮ ಕೇಳುತ್ತಾ ಕೂತವರಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ದೇವರನಾಮ ಮುಗಿದು, ಫೋನು ತನ್ನಷ್ಟಕ್ಕೆ ತಾನೇ ಯಾವುದೋ ಇತಿಹಾಸದ ಉಪನ್ಯಾಸಕ್ಕೆ ದಾಟಿಕೊಂಡಿತ್ತು. ಸಾವಿರ ವರ್ಷದ ಹಿಂದೆ ಜಾರ್ಜಿಯಾ ದೇಶದ ತೋರ್ನಿಕೆ ಎಂಬ ಸರದಾರ ಸನ್ಯಾಸಿಯಾಗಿ ಬೆಟ್ಟ ಸೇರಿದ್ದನಂತೆ. ಬೈಜಾಂಟಿಯಂ ಸಾಮ್ರಾಜ್ಯದಲ್ಲಿ ದಂಗೆ ಎದ್ದಾಗ ಅರಮನೆಯವರು ಅವನನ್ನೇ ಕರೆಸಿದರು. ಅವನು ಜಪ ಬಿಟ್ಟು ಕುದುರೆ ಹತ್ತಿ, ತನ್ನ ನಾಡಿನ ಸೈನ್ಯ ತಂದು ಗೆದ್ದು, ಲೂಟಿಯಲ್ಲಿ ತನ್ನ ಪಾಲು ತೆಗೆದುಕೊಂಡು ಮತ್ತೆ ಬೆಟ್ಟಕ್ಕೆ ಹೋಗಿ ಮಠ ಕಟ್ಟಿಸಿದ. ಚಕ್ರಪಾಣಿಯವರು ಇಳಿಯಬೇಕಾದ ಸ್ಟಾಪು ಎಷ್ಟೋ ಹಿಂದೆ ಉಳಿದಿತ್ತು. ಕಥೆ ಕೇಳಿ ಮುಗಿಸಿಯೇ ಇಳಿದರು.

ಆಮೇಲೆ ಅವರು ಯಾರ ಮನೆಗೆ ಹೋದರೂ ಮಾತು ಬೈಜಾಂಟಿಯಂ ಕಡೆಗೇ ಹೊರಳತೊಡಗಿತು. ಗ್ರೀಕ್ ಮಾತಾಡುವ ಆ ದೊಡ್ಡ ಸಾಮ್ರಾಜ್ಯಕ್ಕೆ ಜಾರ್ಜಿಯಾದ ಮನೆತನಗಳಿಂದ ಸೇನಾಪತಿಗಳು ಬಂದರು, ಪ್ರಾಂತ್ಯಗಳನ್ನು ಆಳಿದರು, ಅದು ಯಾರಿಗೂ ಗೊತ್ತಿಲ್ಲವಲ್ಲ ಎಂಬುದು ಅವರ ಸಂಕಟ. ಒಂದು ನಾಮಕರಣದಲ್ಲಿ ಮಗುವನ್ನು ತೋರ್ನಿಕೆ ಎಂದು ಕರೆದರೆ ಹೇಗೆ ಎಂದು ಕೇಳಿಯೂ ಬಿಟ್ಟರು. ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಹೆಂಡತಿ ಮೈತ್ರಿ ಅವತ್ತು ಕಾರಿನಲ್ಲಿ ಹೇಳಿದಳು: "ಮನೇಲಿ ಎಷ್ಟು ಬೇಕಾದ್ರೂ ಹೇಳಿ, ಕೇಳ್ತೀನಿ. ಇನ್ನೊಬ್ರ ಮನೇಲಿ ಮಾತ್ರ ಸಾಮ್ರಾಜ್ಯ ಬೇಡ."

ಅವರು ಒಪ್ಪಿದರು. ಬಹಳ ದಿನ ಪಾಲಿಸಿದರು ಕೂಡ. ಅಷ್ಟರಲ್ಲಿ ಕನ್ನಡ ಸಂಘದ ಭಾನುವಾರದ ಉಪನ್ಯಾಸಕ್ಕೆ ಬರಬೇಕಾಗಿದ್ದ ಮಂಡಿನೋವಿನ ಡಾಕ್ಟರಿಗೆ ಮಂಡಿನೋವು ಬಂದು, ಸಂಘದ ಕಾರ್ಯದರ್ಶಿ ಸೌಜನ್ಯ ಗಾಬರಿಯಲ್ಲಿ ಇವರಿಗೆ ಫೋನ್ ಮಾಡಿದಳು. ವಿಷಯ ಏನು ಎಂದು ಕೇಳಿದ್ದಕ್ಕೆ ಇವರು ಜಾರ್ಜಿಯಾದ ಶ್ರೀಮಂತ ಮನೆತನಗಳು, ಅವರಿಗೆ ಸಿಕ್ಕ ಜಮೀನುಗಳು, ಸಾಮ್ರಾಜ್ಯದಲ್ಲಿ ಅವರ ಪ್ರಭಾವ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅಷ್ಟುದ್ದ ಪೋಸ್ಟರಿನಲ್ಲಿ ಹಿಡಿಸಲಿಲ್ಲ. ವಾಟ್ಸಾಪಿನಲ್ಲಿ ಬಂದದ್ದು ಇಷ್ಟು: 'ಜಾರ್ಜಿಯಾ: ಜಮೀನು, ಶ್ರೀಮಂತಿಕೆ, ಪ್ರಭಾವ. ಎಲ್ಲರೂ ಬನ್ನಿ.' ಪಕ್ಕದಲ್ಲಿ ದೊಡ್ಡದೊಂದು ಪೀಚ್ ಹಣ್ಣಿನ ಚಿತ್ರ. ಆ ದೇಶದಲ್ಲೂ ಪೀಚ್ ಬೆಳೆಯುವುದರಿಂದ ಚಕ್ರಪಾಣಿಯವರಿಗೆ ಏನೂ ಅನುಮಾನ ಬರಲಿಲ್ಲ. ಹುಡುಗಿ ಓದಿಕೊಂಡಿದ್ದಾಳೆ ಎಂದು ಸಂತೋಷವೇ ಆಯಿತು.

ಇಂಥ ಉಪನ್ಯಾಸಗಳಿಗೆ ಸಾಮಾನ್ಯವಾಗಿ ಭಾಷಣಕಾರರ ಮನೆಯವರು ಮತ್ತು ಊಟಕ್ಕೆ ಬೇಗ ಬಂದವರು ಮಾತ್ರ ಇರುತ್ತಿದ್ದರು. ಅವತ್ತು ಕೆಂಟ್‌ನ ಸಮುದಾಯ ಭವನದ ಪಾರ್ಕಿಂಗ್ ತುಂಬಿ ಜನ ರಸ್ತೆಯಲ್ಲಿ ಕಾರು ನಿಲ್ಲಿಸಿ ಬರುತ್ತಿದ್ದರು. ಚಕ್ರಪಾಣಿಯವರ ಕಣ್ಣು ಮಂಜಾಯಿತು. ಮೈತ್ರಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಮೊದಲ ಸಾಲಿನಲ್ಲಿ ಧನಂಜಯ ಪೆನ್ನು ಹಿಡಿದು ಕೂತಿದ್ದ. ಕರ್ಕ್‌ಲ್ಯಾಂಡಿನ ಪುಟ್ಟ ಫ್ಲಾಟಿನಲ್ಲಿ ಸಾಕಾಗಿ, ಅಮೆರಿಕದಲ್ಲೇ ಇರುವ, ಪೀಚಿಗೆ ಹೆಸರಾದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಕಡೆ ದೊಡ್ಡ ಮನೆ ಹುಡುಕುತ್ತಿದ್ದೇನೆಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದವನು ಅವನು.

ಚಕ್ರಪಾಣಿಯವರು ಪಾಕುರಿಯಾನೋಸ್ ಎಂಬ ಸೇನಾಪತಿಯಿಂದ ಶುರುಮಾಡಿದರು. ಅವನ ಮನೆತನದಂಥವರು ಹೊರಗಿನಿಂದ ಬಂದರೂ ಊರೂರುಗಳನ್ನೇ ಪಡೆದರು, ದ್ರಾಕ್ಷಿ ತೋಟ, ಗದ್ದೆ, ದನಕರು ಎಲ್ಲ ಆಯಿತು ಎಂದರು. ಸಭೆ ಉಸಿರು ಬಿಗಿಹಿಡಿದು ಕೇಳಿತು.

"ಪ್ರಾಪರ್ಟಿ ಟ್ಯಾಕ್ಸ್ ಹೇಗೆ ಸರ್?" ಧನಂಜಯ ಕೇಳಿದ.

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಚಕ್ರಪಾಣಿಯವರು ನಿರೀಕ್ಷಿಸಿರಲಿಲ್ಲ. "ಪ್ರಭಾವ ಇದ್ದೋರಿಗೆ ಮಾಫಿ. ಬಂಗಾರದ ಮುದ್ರೆ ಒತ್ತಿದ ಆರ್ಡರೇ ಸಿಗ್ತಿತ್ತು," ಎಂದರು.

ಧನಂಜಯ ಬರೆದುಕೊಂಡ. ಹಿಂದಿನಿಂದ ಯಾರೋ ಅದಕ್ಕೆ ಗವರ್ನರ್ ಸಹಿ ಬೇಕಾ ಎಂದು ಕೇಳಿದರು. ಅಲ್ಲಿ ಇವರೇ ಗವರ್ನರುಗಳಾಗಿದ್ದರು ಎಂದು ಚಕ್ರಪಾಣಿಯವರು ಹೇಳಿದಾಗ ನಮ್ಮವರು ಅಷ್ಟು ಮೇಲೆ ಹೋಗಿದ್ದಾರೆಯೇ ಎಂಬ ಗುಸುಗುಸು ಎದ್ದಿತು. ಮಕ್ಕಳ ಓದಿನ ಬಗ್ಗೆ ಕೇಳಿದ ಒಬ್ಬಾಕೆಗೆ ಮಠದಲ್ಲಿ ಹುಡುಗರಿಗೆ ಓದುವ ವ್ಯವಸ್ಥೆ ಇತ್ತೆಂದು ಹೇಳಿದರು. ಆಕೆ ಖುಷಿಯಿಂದ, "ರಾಯರ ಮಠಾನಾ?" ಎಂದಳು.

"ಪೆಟ್ರಿಟ್ಸೋಸ್ ಮಠ," ಎಂದರು ಚಕ್ರಪಾಣಿ. "ಆದ್ರೆ ಉತ್ತರದ ಕಡೆಯಿಂದ ಪೆಚೆನೆಗ್ ಅನ್ನೋರು ಕುದುರೆ ಮೇಲೆ ಬಂದು ಊರು ಸುಡ್ತಿದ್ರು."

ಧನಂಜಯನ ಪೆನ್ನು ನಿಂತಿತು. "ಅಟ್ಲಾಂಟಾದಲ್ಲಾ?"

ಚಕ್ರಪಾಣಿಯವರು ಪರದೆಯ ಮೇಲಿದ್ದ ಪೀಚ್ ಹಣ್ಣನ್ನು ನೋಡಿದರು, ಆಮೇಲೆ ಸೌಜನ್ಯಳನ್ನು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಇದು ಇನ್ನೊಂದು ಜಾರ್ಜಿಯಾ, ಕಾಕಸಸ್ ಬೆಟ್ಟದ ಕಡೆಯದು ಎಂದು ಅವರು ಸಣ್ಣ ದನಿಯಲ್ಲಿ ಹೇಳಿದರು. ಅರ್ಧ ಸಭೆ ಎದ್ದು ನಿಂತಿತು. ಆದರೆ ಬಿಸಿಬೇಳೆಬಾತ್ ತರುತ್ತಿದ್ದ ವ್ಯಾನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆಯೆಂದು ಸುದ್ದಿ ಬಂದದ್ದರಿಂದ ಎಲ್ಲರೂ ಮತ್ತೆ ಕೂತರು.

ಚಕ್ರಪಾಣಿಯವರು ಎರಡು ಮಾತಿನಲ್ಲಿ ಮುಗಿಸಿಬಿಡೋಣವೆಂದುಕೊಂಡರು. ಆಗ ಗೋಡೆ ಬದಿಯಲ್ಲಿ ಮಗಳ ಜೊತೆ ಕೂತಿದ್ದ ಬೈಲಹೊಂಗಲದ ಶರಣವ್ವ ಬಾಯಿ ತೆರೆದರು. "ತಮ್ಮಾ, ಅಂವ ತನ್ನ ನಾಡ ಬಿಟ್ಟು ಬ್ಯಾರೆಯವರ ರಾಜ್ಯದಾಗ ನೌಕರಿಗೆ ಬಂದಿದ್ದ ಅಂದಂಗಾತು. ಮುಂದ ಹೇಳ್ರಿ."

ಚಕ್ರಪಾಣಿಯವರು ಹೇಳಿದರು. ಅವನು ನಮ್ಮವನೆಂದು ಅರ್ಮೇನಿಯದವರೂ ಜಾರ್ಜಿಯಾದವರೂ ಇವತ್ತಿಗೂ ಜಗಳವಾಡುತ್ತಾರೆ ಎಂದಾಗ ಶರಣವ್ವ, ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಎಂದರು. ಪಾಕುರಿಯಾನೋಸ್ ತಾನು ಕಟ್ಟಿಸಿದ ಪೆಟ್ರಿಟ್ಸೋಸ್ ಮಠಕ್ಕೆ ಗ್ರೀಕರನ್ನು ಸನ್ಯಾಸಿಗಳಾಗಿ ಸೇರಿಸಬಾರದೆಂದು ನಿಯಮ ಮಾಡಿದ್ದ, ಅವರು ದುರಾಸೆಯವರೆಂದು ಕಾರಣವನ್ನೂ ಬರೆಸಿದ್ದ, ಆದರೆ ಸರ್ಕಾರದ ಜೊತೆ ಕಾಗದ ವ್ಯವಹಾರ ಮಾಡಲು ಒಬ್ಬನೇ ಒಬ್ಬ ಗ್ರೀಕ್ ಗುಮಾಸ್ತನನ್ನು ಇಟ್ಟುಕೊಳ್ಳಬಹುದು ಎಂದಿದ್ದ ಎಂದರು ಚಕ್ರಪಾಣಿ. ಇಡೀ ಸಭೆ ಹಿಂದಕ್ಕೆ ತಿರುಗಿತು. ಕನ್ನಡಿಗರು ಯಾರೂ ಬರೆಯಲು ಒಪ್ಪದ ಸಂಘದ ಟ್ಯಾಕ್ಸ್ ಪತ್ರಗಳನ್ನು ವರ್ಷವರ್ಷವೂ ಬರೆದುಕೊಡುತ್ತಿದ್ದ ಗುಂಟೂರಿನ ಸುಬ್ಬಣ್ಣ ಬಾಗಿಲ ಬಳಿ ಕೂತಿದ್ದರು. ಅವರು ಎದ್ದು ನಿಂತು ಗಂಭೀರವಾಗಿ ಕೈಮುಗಿದರು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಆ ನಗುವಿನ ಬೆನ್ನಲ್ಲೇ ಚಕ್ರಪಾಣಿಯವರ ದನಿ ಏರಿತು. ಪೆಚೆನೆಗರ ಮೇಲೆ ನುಗ್ಗುವಾಗ ಆ ಸೇನಾಪತಿ ಕುದುರೆ ಸಮೇತ ಓಕ್ ಮರಕ್ಕೆ ಗುದ್ದಿ ಸತ್ತ ಎಂದಾಗ ಯಾರೂ ನಗಲಿಲ್ಲ. ಶರಣವ್ವ ಲೊಚಗುಟ್ಟಿದರು. ವ್ಯಾನು ಬಂದು ಬಿಸಿಬೇಳೆಬಾತಿನ ವಾಸನೆ ಒಳಗೆ ಹರಡಿದರೂ ಅವನ ಮಠದ ಗತಿ ಏನಾಯಿತೆಂದು ತಿಳಿಯುವವರೆಗೆ ಜನ ಏಳಲಿಲ್ಲ. ಧನಂಜಯ ಮಾತ್ರ ತಟ್ಟೆ ಹಿಡಿದು ಬಂದು, ಆ ಕಡೆ ಜಾರ್ಜಿಯಾದಲ್ಲಿ ಈಗ ಮನೆಗಳು ಹೇಗಿವೆ ಎಂದು ವಿಚಾರಿಸಿದ.

ಮೈತ್ರಿಯ ನಿಯಮದಿಂದ ಈಗ ಒಂದು ಮನೆಗೆ ವಿನಾಯಿತಿ ಸಿಕ್ಕಿದೆ. ಶನಿವಾರಗಳಲ್ಲಿ ಚಕ್ರಪಾಣಿಯವರು ಶರಣವ್ವನ ಮಗಳ ಮನೆಗೆ ಹೋಗುತ್ತಾರೆ. ಅವರು ರೊಟ್ಟಿ ಬಡಿಯುತ್ತಾರೆ, ಇವರು ಕಥೆ ಹೇಳುತ್ತಾರೆ. ಮೊನ್ನೆ ದಾವಿದ್ ಎಂಬ ಜಾರ್ಜಿಯಾದ ರಾಜಕುಮಾರನ ಸರದಿ. ಮಕ್ಕಳಿಲ್ಲದೆ ಒಬ್ಬನನ್ನು ದತ್ತು ತೆಗೆದುಕೊಂಡಿದ್ದ ಅವನು, ಚಕ್ರವರ್ತಿಯ ವಿರುದ್ಧದ ದಂಗೆಯಲ್ಲಿ ಸೋತ ಪಕ್ಷ ಹಿಡಿದು ಸಿಕ್ಕಿಬಿದ್ದು, ತನ್ನ ಕಾಲಾನಂತರ ಸೀಮೆಯೆಲ್ಲ ಚಕ್ರವರ್ತಿಗೆ ಎಂದು ಒಪ್ಪಿಕೊಂಡ. ಅದು ಜಾಣತನ, ಬೇರೆ ದಾರಿಯೇ ಇರಲಿಲ್ಲ ಎಂದು ಚಕ್ರಪಾಣಿಯವರು ವಾದಿಸಿದರು.

"ಎಂಥಾ ಜಾಣ್ತನಾನೋ ತಮ್ಮಾ," ಎಂದರು ಶರಣವ್ವ. "ಸಾಕಿದ ಮಗನ ಬಾಯಾಗ ಮಣ್ಣ ಹಾಕಿದಾ."

ಮಾತು ಬೆಳೆಯಿತು. ಕೊನೆಗೆ ಶರಣವ್ವ ಸಿಟ್ಟಿನಲ್ಲಿ ರೊಟ್ಟಿ ಬಡಿಯದೆಯೇ ಹಿಟ್ಟು ಮುಚ್ಚಿಟ್ಟರು. ಚಕ್ರಪಾಣಿಯವರು ಅರ್ಧ ಹೊಟ್ಟೆಯಲ್ಲಿ ಮನೆಗೆ ಬಂದು, ದಾವಿದನ ಪರವಾಗಿ ಇನ್ನೇನು ಹೇಳಬಹುದಿತ್ತೆಂದು ಮೈತ್ರಿಯನ್ನು ಕೇಳಿದರು. ಅವಳು ಅನ್ನಕ್ಕೆ ಇಟ್ಟು, ತಾನೂ ಶರಣವ್ವನ ಕಡೆಯೇ ಎಂದಳು.