ಕುರ್ಚಿ ಬಿಟ್ಟ ಮೇಡಂ

ಕಂಪನಿಯೊಂದರ ಏಳುಬೀಳು ಅದನ್ನು ಮುನ್ನಡೆಸುವವರ ಕೈಯಲ್ಲಿದೆ ಎಂಬುದು ಬಲ್ಲವರ ಮಾತು. ನಮ್ಮ ಕಂಪನಿಯನ್ನು ಮುನ್ನಡೆಸುವವರೆಲ್ಲ ಬಂದರೆ ಕ್ಯಾಂಟೀನಿನಿಂದ ಕುರ್ಚಿ ತರಿಸಬೇಕಾಗುತ್ತಿತ್ತು. ನಿಂತೇ ಇರುತ್ತಿದ್ದವರು ಒಬ್ಬರೇ: ಬೇರೆಯವರು ಮಲ್ಲಿಗೆ ಮುಡಿಯುವ ಜಾಗದಲ್ಲಿ, ತುರುಬಿಗೆ, ಟೆಸ್ಟರ್ ಸಿಕ್ಕಿಸಿಕೊಂಡ ನಮ್ಮ ಮೇಡಂ.

ಮೂಡುಬಿದಿರೆ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಪ್ರೊಫೆಸರ್, ನಾನು ಶಿಷ್ಯ. ಮಳೆಗಾಲದಲ್ಲೂ ರಬ್ಬರ್ ಶೀಟ್ ಒಣಗಿಸುವ ನಮ್ಮ ಯಂತ್ರ ಲ್ಯಾಬಿನಲ್ಲಿ ಗೆದ್ದಾಗ ಕಾಲೇಜೇ ಒಂದು ಕಂಪನಿ ಹುಟ್ಟಿಸಿತು. ನಮ್ಮೂರ ಉತ್ಸವ ಸಮಿತಿಯ ಕ್ರಮದಂತೆ ಅದಕ್ಕೆ ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರು, ಸಲಹೆಗಾರರು. ಯಾವ ಕೆಲಸಕ್ಕೂ ಎಲ್ಲರ ಸಹಿಯೂ ಬೇಕು. ಯಾರನ್ನು ಬಿಟ್ಟರೂ ಬೇಸರವಲ್ಲವೇ. ಮೇಡಂಗೆ ಮ್ಯಾನೇಜಿಂಗ್ ಡೈರೆಕ್ಟರ್ ಪಟ್ಟ.

ಬೆಳ್ತಂಗಡಿಯ ಬೆಳೆಗಾರರ ಸಂಘವೊಂದು ಮಳೆಗೆ ಮೊದಲು ಯಂತ್ರ ಬೇಕೆಂದಿತು. ಸಭೆ ಸೇರಿತು. ಯಾರ ಅಮೃತಹಸ್ತದಿಂದ ಕೊಡುವುದೆಂದು ತೀರ್ಮಾನವಾಗದೆ ಮತ್ತೊಂದು ಸಭೆ ಸೇರಿತು. ಅಷ್ಟರಲ್ಲಿ ಮಳೆ ಬಂತು. ಸಂಘದವರು ಕೇರಳದಿಂದ ಬೇರೆ ಯಂತ್ರ ತಂದುಕೊಂಡರು.

ಮುಂದಿನ ಸಭೆಗೆ ಮೇಡಂ, ಗುರುವಾಯನಕೆರೆಯಲ್ಲಿ ಹಾಲು ಕರೆಯುವ ಯಂತ್ರ ಮಾರುತ್ತಿದ್ದ ಹೆಂಗಸೊಬ್ಬರನ್ನು ಕರೆತಂದು ತಮಗಾಗಿ ಇಟ್ಟಿದ್ದ ಕುರ್ಚಿಯಲ್ಲಿ ಕೂರಿಸಿದರು.

"ಇನ್ನು ಮ್ಯಾನೇಜಿಂಗ್ ಡೈರೆಕ್ಟರ್ ಇವರು. ನನಗೆ ಯಂತ್ರ ಮಾಡ್ಲಿಕ್ಕೆ ಗೊತ್ತುಂಟು, ಮಾರ್ಲಿಕ್ಕೆ ಗೊತ್ತಿಲ್ಲ. ಗೊತ್ತಿಲ್ಲದವರೆಲ್ಲ ಇಳಿಯುವ. ನನ್ನಿಂದಲೇ ಶುರು."

ಯಾರೂ ಅಲುಗಲಿಲ್ಲ.

"ದೊಡ್ಡವರಿಗೆ ಇಳಿಯಿರಿ ಅಂತ ಹೇಗೆ ಹೇಳುವುದು ಮೇಡಂ? ಮರ್ಯಾದೆ ಅಂತ ಒಂದುಂಟಲ್ಲ," ಎಂದರು ಗೌರವಾಧ್ಯಕ್ಷರು, ತಮ್ಮ ಬಗ್ಗೆಯೇ.

"ಮರ್ಯಾದೆಗೆ ಶಾಲು ಹೊದೆಸುವ ಸರ್. ಪೆನ್ನು ಕೊಡುವುದು ಬೇಡ."

"ಹಾಗಾದರೆ ಲ್ಯಾಬ್ ಬಿಡಬೇಕಾದೀತು."

ಮೇಡಂ ಲ್ಯಾಬಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ನನ್ನತ್ತ ತಿರುಗಿದರು. "ನೀನು ಈಗ ಬರ್ತೀಯಾ, ವಂದನಾರ್ಪಣೆ ಮುಗಿಸಿ ಬರ್ತೀಯಾ ಮಾರಾಯ?"

ವಂದನಾರ್ಪಣೆ ನನ್ನದೇ ಇತ್ತು. ಮಾಡದೆ ಹೊರಟೆ.

ಬಂಟ್ವಾಳದಲ್ಲಿ ಒಂದು ಶೆಡ್ ಹಿಡಿದು, ಯಂತ್ರವನ್ನು ಬೇರೆಯೇ ರೀತಿಯಲ್ಲಿ ಮೊದಲಿನಿಂದ ಕಟ್ಟಿದೆವು. ಮಾರುವುದರಲ್ಲಿ ಕೊನೆಯ ಮಾತು ನಮ್ಮೊಡನೆ ಬಂದ ಗುರುವಾಯನಕೆರೆಯವರದು, ಮಾಡುವುದರಲ್ಲಿ ನನ್ನದು. ಕೆಲಸ ಬಿಟ್ಟು ಬಂದಿದ್ದ ಮೇಡಂ ಯಾವ ಪದವಿಯನ್ನೂ ಹಿಡಿಯಲಿಲ್ಲ. ತಪ್ಪು ವೈರಿಂಗ್ ಕಂಡಲ್ಲಿ ತುರುಬಿನಿಂದ ಟೆಸ್ಟರ್ ಎಳೆಯುತ್ತಿದ್ದರು, ಅಷ್ಟೇ. ಬಂದವರು ಅಧ್ಯಕ್ಷರು ಯಾರೆಂದು ಕೇಳಿದರೆ, "ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ," ಎನ್ನುತ್ತಿದ್ದರು.

ಮೇಡಂ ಹೋದ ವರ್ಷ ತೀರಿಕೊಂಡರು. ಕಾಲೇಜಿನ ಸಂತಾಪಸಭೆಯ ವೇದಿಕೆಗೆ ಕುರ್ಚಿ ಸಾಲಲಿಲ್ಲ. ನಾನೂ ಗುರುವಾಯನಕೆರೆಯವರೂ ಹಿಂದೆ ಗೋಡೆಯ ಬದಿಯಲ್ಲಿ ನಿಂತೆವು; ಕೂರಿ ಎಂದವರಿಗೆ ಬೇಡ ಎಂದೆವು.

ಕಾಲೇಜಿನ ಕಂಪನಿ ಮುಚ್ಚಿದೆ. ಬೆಳ್ತಂಗಡಿಯ ಆ ಸಂಘದಲ್ಲಿ ಈ ಮಳೆಗಾಲ ನಮ್ಮ ಯಂತ್ರ ಓಡುತ್ತಿದೆ.